ಹೂರಣದ ಆಮ್ಲೆಟ್

ಹೂರಣದ ಆಮ್ಲೆಟ್: ಕಲಕಿದ ಕೋಳಿಮೊಟ್ಟೆಯನ್ನು ಪ್ಯಾನಿನಲ್ಲಿ ಹರಡಿ, ಮೇಲ್ಭಾಗ ಇನ್ನೂ ಹಸಿಹಸಿಯಾಗಿರುವಾಗಲೇ ಅದರೊಳಗೆ ಮೊದಲೇ ಬೇಯಿಸಿಟ್ಟ ತರಕಾರಿ, ಮಾಂಸ ಅಥವಾ ಚೀಸನ್ನು ಇಟ್ಟು ಮಡಚಿ ಬಡಿಸುವ ಬೆಳಗಿನ ತಿಂಡಿ. ನಮ್ಮ ಮನೆಗಳಲ್ಲಿ, ಸಂಜೆಯ ತಳ್ಳುಗಾಡಿಗಳಲ್ಲಿ ಆಮ್ಲೆಟ್ ಎಂದರೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪನ್ನು ಮೊಟ್ಟೆಯ ಜೊತೆಗೇ ಕಲಕಿ ಎಣ್ಣೆಯಲ್ಲಿ ಕೆಂಪಗೆ ಬೇಯಿಸಿದ್ದು. ಹೂರಣದ ಆಮ್ಲೆಟ್ ಅದಕ್ಕಿಂತ ಬೇರೆ. ಈರುಳ್ಳಿ ದೋಸೆಗೂ ಮಸಾಲೆ ದೋಸೆಗೂ ಇರುವ ವ್ಯತ್ಯಾಸವೇ ಇವೆರಡಕ್ಕೂ ಇದೆ. ಮೂರು ಮೊಟ್ಟೆ, ಒಂದು ಹಿಡಿ ಹೂರಣ, ಜೊತೆಗೆ ಎರಡು ಹೋಳು ಬ್ರೆಡ್ ಇದ್ದರೆ ಮಧ್ಯಾಹ್ನದ ಊಟದವರೆಗೆ ಹೊಟ್ಟೆ ಬೇರೇನನ್ನೂ ಕೇಳುವುದಿಲ್ಲ.

ಮೊಟ್ಟೆ ಒಲೆಯ ಮೇಲಿರುವುದು ಹೆಚ್ಚೆಂದರೆ 2-3 ನಿಮಿಷ. ಆಮ್ಲೆಟ್ ಕೆಟ್ಟರೆ ಆ ಎರಡು ನಿಮಿಷದಲ್ಲಿ ಕೈ ತಪ್ಪಿತು ಎಂದುಕೊಳ್ಳುವವರೇ ಹೆಚ್ಚು. ಮನೆಯಡುಗೆಯಲ್ಲಿ ಅದು ಸಾಮಾನ್ಯವಾಗಿ ಕೆಡುವುದು ಮೊಟ್ಟೆ ಒಡೆಯುವ ಮೊದಲೇ, ಹೂರಣದಲ್ಲಿ ಉಳಿದ ನೀರಿನಿಂದ. ಈ ಲೇಖನದಲ್ಲಿ ಹೂರಣಕ್ಕೆ ಸಿಂಹಪಾಲು ಸಿಕ್ಕಿರುವುದು ಅದಕ್ಕಾಗಿಯೇ.

ಹಿನ್ನೆಲೆ

ಮೊಟ್ಟೆ ಕಲಕಿ ಬೇಯಿಸುವುದನ್ನು ಕಂಡುಹಿಡಿದವರು ನಾವೇ ಎಂದು ಯಾವ ದೇಶದವರೂ ಎದೆ ತಟ್ಟಿಕೊಳ್ಳುವಂತಿಲ್ಲ. ಅಪೀಷಿಯಸ್ ಹೆಸರಿನಲ್ಲಿ ಉಳಿದುಬಂದಿರುವ ರೋಮನ್ ಪಾಕಗ್ರಂಥದಲ್ಲಿ ನಾಲ್ಕು ಮೊಟ್ಟೆಗೆ ಹಾಲು, ಎಣ್ಣೆ ಬೆರೆಸಿ ಬೇಯಿಸಿ, ಮೇಲೆ ಜೇನು ಸುರಿದು ಕಾಳುಮೆಣಸಿನ ಪುಡಿ ಉದುರಿಸುವ ವಿಧಾನವೊಂದಿದೆ. ರೋಮಿಗೆ ಕಾಳುಮೆಣಸು ಹಡಗೇರಿ ಹೋಗುತ್ತಿದ್ದದ್ದು ಮಲಬಾರ್ ತೀರದಿಂದ. ಇರಾನಿನ ಕುಕು ಸಬ್ಜಿಯಲ್ಲಿ ಮೊಟ್ಟೆಗಿಂತ ಸೊಪ್ಪೇ ಮುಂದು. ನೌರೂಜ್ ಹಬ್ಬದ ಊಟದಲ್ಲಿ ಅದಕ್ಕೊಂದು ಕಾಯಂ ಜಾಗವಿದೆ. ಅರಬ್ ನಾಡುಗಳ ಇಜ್ಜಾ, ಇಟಲಿಯ ಫ್ರಿಟಾಟಾ, ಸ್ಪೇನಿನ ಆಲೂಗಡ್ಡೆ ತೋರ್ತಿಯಾ ಎಲ್ಲವೂ ಇದೇ ಬಳಗದವು. ದಪ್ಪಗೆ, ಎರಡೂ ಮಗ್ಗುಲು ಬೆಂದು, ಹೋಳು ಮಾಡಿ ತಿನ್ನುವಂಥವು. ಆರಿದರೂ ರುಚಿ ಕೆಡುವುದಿಲ್ಲ. ಇವುಗಳಲ್ಲಿ ಹೂರಣ ಬೇರೆ, ಹೊದಿಕೆ ಬೇರೆ ಎಂಬ ಭೇದವಿಲ್ಲ.

ತೆಳುವಾಗಿ ಬೇಯಿಸಿ ಮಡಚುವುದನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದವರು ಫ್ರೆಂಚರು. ಅವರಲ್ಲಿ ಲಾ ವರೆನ್ ಎಂಬ ಅಡುಗೆಯವ 1651ರಲ್ಲಿ ಪ್ರಕಟಿಸಿದ ಪಾಕಪುಸ್ತಕದಲ್ಲೇ ಆಮ್ಲೆಟ್ ಇದೆ. ಆಧುನಿಕ ಹೋಟೆಲ್ ಅಡುಗೆಗೆ ಕಟ್ಟುನಿಟ್ಟು ತಂದ ಆಗಸ್ಟ್ ಎಸ್ಕಾಫಿಯೆ 1903ರ ತನ್ನ ಗ್ರಂಥದಲ್ಲಿ ಆಮ್ಲೆಟ್ಟನ್ನು ವರ್ಣಿಸಿದ ಬಗೆಯನ್ನು ನಮ್ಮ ಮಾತಿಗೆ ತಂದರೆ, ಒಳಗೆ ಮೆತ್ತಗಿನ ಬುರ್ಜಿ, ಅದರ ಸುತ್ತ ಗಟ್ಟಿಯಾದ ಮೊಟ್ಟೆಯದೇ ಕವಚ ಎಂದಾಗುತ್ತದೆ. ಇಂದಿಗೂ ಪಾಶ್ಚಾತ್ಯ ಅಡುಗೆಶಾಲೆಗಳಲ್ಲಿ ಹೊಸ ಅಡುಗೆಯವನ ಕೈ ಪರೀಕ್ಷಿಸಲು ಮೊದಲು ಮಾಡಿಸುವ ಪದಾರ್ಥಗಳಲ್ಲಿ ಸಾದಾ ಆಮ್ಲೆಟ್ ಒಂದು. ಫ್ರಾನ್ಸಿನ ಮಾಂ-ಸ್ಯಾಂ-ಮಿಷೆಲ್ ದ್ವೀಪದಲ್ಲಿ ಆನೆತ್ ಪುಲಾರ್ ಎಂಬಾಕೆ 1888ರಲ್ಲಿ ತೆರೆದ ಛತ್ರದ ಆಮ್ಲೆಟ್ ಇನ್ನೊಂದು ದಾರಿಯದು. ತಾಮ್ರದ ಬೋಗುಣಿಯಲ್ಲಿ ಮೊಟ್ಟೆಯನ್ನು ನೊರೆ ಉಕ್ಕುವವರೆಗೆ ಬಡಿದು, ಉದ್ದ ಹಿಡಿಯ ಪ್ಯಾನಿನಲ್ಲಿ ಕಟ್ಟಿಗೆ ಬೆಂಕಿಯ ಮೇಲೆ ಬೇಯಿಸುತ್ತಾರೆ. ನೋಡಲು ಚೆಂದ, ಆದರೆ ಅದರಲ್ಲಿ ಗಾಳಿಯೇ ಹೆಚ್ಚು. ಹೊಟ್ಟೆ ತುಂಬಿಸುವ ಆಮ್ಲೆಟ್ಟಿಗೆ ಅದು ಮಾದರಿಯಾಗಲಾರದು.

ಹೊಟ್ಟೆ ತುಂಬಿಸುವ ಮಾದರಿ ಬಂದದ್ದು ಅಮೆರಿಕದಿಂದ. ಅಲ್ಲಿನ ಡೈನರ್‌ಗಳೆಂಬ ಸಾದಾ ಹೋಟೆಲುಗಳಲ್ಲಿ ಮೂರು ಮೊಟ್ಟೆಯ ಆಮ್ಲೆಟ್ಟನ್ನು ಹೊಟ್ಟೆ ಬಿರಿಯುವಷ್ಟು ತುಂಬಿ, ಪಕ್ಕದಲ್ಲಿ ತುರಿದು ಹುರಿದ ಆಲೂಗಡ್ಡೆ, ಟೋಸ್ಟ್ ಇಟ್ಟು ಕೊಡುತ್ತಾರೆ. ಅವುಗಳಲ್ಲಿ ಹೆಸರಾದದ್ದು ಡೆನ್ವರ್ ಆಮ್ಲೆಟ್. ವೆಸ್ಟರ್ನ್ ಆಮ್ಲೆಟ್ ಎಂದರೂ ಅದೇ. ಹಂದಿಮಾಂಸದ ಹ್ಯಾಮ್, ಈರುಳ್ಳಿ, ಹಸಿರು ದೊಣ್ಣೆಮೆಣಸಿನಕಾಯಿ ಇವಿಷ್ಟೇ ಅದರ ಹೂರಣ. ಮೊದಲು ಬ್ರೆಡ್ಡಿನ ನಡುವೆ ಇಟ್ಟು ತಿನ್ನುತ್ತಿದ್ದ ಡೆನ್ವರ್ ಸ್ಯಾಂಡ್‌ವಿಚ್ಚಿನಿಂದ ಇದು ಹುಟ್ಟಿತೆನ್ನುವವರಿದ್ದಾರೆ. ರೈಲುಹಾದಿ ಹಾಕುತ್ತಿದ್ದ ಕೂಲಿಗಳಿಗೆ ಅಡುಗೆ ಮಾಡುತ್ತಿದ್ದ ಚೀನೀಯರ ಕೈಯಿಂದ ಬಂತೆಂಬ ಕಥೆಯೂ ಇದೆ. ಮೂಲ ಏನೇ ಇರಲಿ, ಮನೆಯಲ್ಲಿ ಹೂರಣದ ಆಮ್ಲೆಟ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ. ಹ್ಯಾಮ್ ಬಿಟ್ಟರೂ ಈರುಳ್ಳಿ ಮತ್ತು ದೊಣ್ಣೆಮೆಣಸಿನಕಾಯಿ ಹದವಾಗಿ ನಿಲ್ಲುತ್ತವೆ.

ಅಮೆರಿಕದ ಅಡುಗೆ ಲೇಖಕಿ ಜೂಲಿಯಾ ಚೈಲ್ಡ್ ತಮ್ಮ ಫ್ರೆಂಚ್ ಅಡುಗೆ ಪುಸ್ತಕದ ಬಗ್ಗೆ ಮಾತನಾಡಲು 1962ರಲ್ಲಿ ಬಾಸ್ಟನ್ನಿನ ದೂರದರ್ಶನ ಕೇಂದ್ರಕ್ಕೆ ಹೋದವರು, ವಿದ್ಯುತ್ ಒಲೆ ಹಚ್ಚಿ ಕ್ಯಾಮೆರಾ ಎದುರೇ ಆಮ್ಲೆಟ್ ಮಾಡಿ ತೋರಿಸಿದರು. ಇನ್ನಷ್ಟು ತೋರಿಸಿ ಎಂದು ನೋಡುಗರಿಂದ ಪತ್ರಗಳು ಬಂದವು. ಮರುವರ್ಷವೇ ಅವರ ಪ್ರಸಿದ್ಧ ಅಡುಗೆ ಕಾರ್ಯಕ್ರಮ ಶುರುವಾಯಿತು. ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಕಾದಂಬರಿಕಾರ ಆರ್ನಾಲ್ಡ್ ಬೆನೆಟ್‌ಗಾಗಿ ಮಾಡಿದ, ಹೊಗೆಯಲ್ಲಿ ಒಣಗಿಸಿದ ಮೀನಿನ ಆಮ್ಲೆಟ್ ಅವನ ಹೆಸರಲ್ಲೇ ಉಳಿದಿದೆ. ಜಪಾನಿನ ಓಮುರೈಸಿನಲ್ಲಿ ಕೆಚಪ್ ಬೆರೆಸಿ ಹುರಿದ ಅನ್ನವೇ ಹೂರಣ. ಟೋಕಿಯೊದ ಗಿಂಜಾದ ಒಂದು ಹೋಟೆಲು, ಒಸಾಕಾದ ಒಂದು ಹೋಟೆಲು ಎರಡೂ ಇದರ ತವರು ತಾವೇ ಎನ್ನುತ್ತವೆ. ಥಾಯ್ಲೆಂಡಿನವರು ಕೊಚ್ಚಿದ ಮಾಂಸವನ್ನು ಟೊಮೆಟೊ, ಈರುಳ್ಳಿಯ ಜೊತೆ ಹುರಿದು, ತೆಳು ಮೊಟ್ಟೆಯ ಹಾಳೆಯಲ್ಲಿಟ್ಟು ನಾಲ್ಕೂ ಅಂಚು ಮಡಚಿ ಚೌಕದ ಪೊಟ್ಟಣ ಕಟ್ಟುತ್ತಾರೆ.

ಮೊಟ್ಟೆ ಗಟ್ಟಿಯಾಗುವ ಬಗೆ

ನಮ್ಮ ಅಂಗಡಿಗಳಲ್ಲಿ ಸಿಗುವ ಮೊಟ್ಟೆ ಸಾಮಾನ್ಯವಾಗಿ 50-55 ಗ್ರಾಂ ತೂಗುತ್ತದೆ. ಅದರ ಬಿಳಿ ಭಾಗದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ. ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಪ್ರೊಟೀನ್. ಹಳದಿಯಲ್ಲಿ ಸುಮಾರು ಅರ್ಧ ನೀರು, ಕಾಲುಭಾಗಕ್ಕೂ ಮಿಕ್ಕಿ ಕೊಬ್ಬು. ಬಿಸಿ ತಾಗಿದಾಗ ಸುರುಳಿ ಸುತ್ತಿಕೊಂಡಿದ್ದ ಪ್ರೊಟೀನ್ ಎಳೆಗಳು ಬಿಚ್ಚಿಕೊಂಡು, ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ನೀರು ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಳಿ ಭಾಗ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಂದವಾಗತೊಡಗುತ್ತದೆ. ಹಳದಿ 65ರಲ್ಲಿ ದಪ್ಪವಾಗಿ 70ರ ಹೊತ್ತಿಗೆ ಕಟ್ಟಿಕೊಳ್ಳುತ್ತದೆ. ಎರಡನ್ನೂ ಕಲಕಿದ ಮಿಶ್ರಣ 73ರ ಆಸುಪಾಸಿನಲ್ಲಿ ಗಟ್ಟಿ. ಅದನ್ನು ದಾಟಿ ಬಿಸಿ ಏರಿದರೆ ಬಲೆ ಬಿಗಿಯುತ್ತ ಹೋಗಿ, ಹಿಡಿದಿಟ್ಟ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ತಟ್ಟೆಯಲ್ಲಿ ನೀರು, ಬಾಯಲ್ಲಿ ರಬ್ಬರು. ಕಾದ ಪ್ಯಾನಿನ ತಳದ ಬಿಸಿ ಇದಕ್ಕಿಂತ ಎಷ್ಟೋ ಹೆಚ್ಚಿರುವುದರಿಂದ ಹದಕ್ಕೂ ಅತಿಗೂ ನಡುವಿನ ಅಂತರ ಕೆಲವೇ ಸೆಕೆಂಡು.

ಉಪ್ಪನ್ನು ಯಾವಾಗ ಹಾಕಬೇಕು ಎಂಬುದರ ಬಗ್ಗೆ ಅಡುಗೆಯವರಲ್ಲಿ ಜಗಳವಿದೆ. ಮೊದಲೇ ಹಾಕಿದರೆ ಮೊಟ್ಟೆ ನೀರಾಗುತ್ತದೆ ಎಂಬ ಹಳೆಯ ನಂಬಿಕೆ ಆಮ್ಲೆಟ್ಟಿನ ಮಟ್ಟಿಗೆ ಹೊಂದುವುದಿಲ್ಲ. ಬೇಯಿಸುವ ಹತ್ತು-ಹದಿನೈದು ನಿಮಿಷ ಮೊದಲು ಉಪ್ಪು ಹಾಕಿ ಕಲಕಿಟ್ಟರೆ ಪ್ರೊಟೀನ್ ಎಳೆಗಳು ಪರಸ್ಪರ ಅಷ್ಟು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ, ಆಮ್ಲೆಟ್ ಮೆತ್ತಗಿರುತ್ತದೆ. ಕಲಕಿದ ಮೊಟ್ಟೆಯ ಬಣ್ಣ ತುಸು ಗಾಢವಾಗಿ, ತಿಳಿಯಾಗಿ ಕಾಣುವುದೇ ಇದರ ಗುರುತು. ಹಾಲು ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಮೊಟ್ಟೆಗೊಂದು ಚಮಚದಷ್ಟಾದರೆ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಹೊದಿಕೆಗೆ ಬಲವಿಲ್ಲದೆ ಮಡಚುವಾಗ ಹರಿಯುತ್ತದೆ. ಹೂರಣ ಹೊರಬೇಕಾದ ಆಮ್ಲೆಟ್ಟಿಗೆ ಹಾಲು ಬೇಡವೇ ಬೇಡ ಎಂಬುದು ಈ ಲೇಖಕನ ಪಕ್ಷ.

ಕಲಕುವುದಕ್ಕೆ ಫೋರ್ಕ್ ಸಾಕು. ಬಿಳಿಯ ಎಳೆಗಳು ಕಾಣದಷ್ಟು ಕಲಕಿದರೆ ಆಯಿತು, ನೊರೆ ಬರಿಸಬೇಕಿಲ್ಲ. ತಳ್ಳುಗಾಡಿಯವರು ಉದ್ದ ಸ್ಟೀಲ್ ಲೋಟದಲ್ಲಿ ಚಮಚೆಯಿಂದ ಟಕಟಕ ಬಡಿದು ನೊರೆ ಎಬ್ಬಿಸುವುದು ಉಬ್ಬಿ ಬರುವ ದಪ್ಪ ಆಮ್ಲೆಟ್ಟಿಗೆ. ಅಂಥ ಗಾಳಿ ತುಂಬಿದ ಹಾಳೆ ಹೂರಣದ ಭಾರಕ್ಕೆ ಒಡೆಯುತ್ತದೆ.

ಹೂರಣ

ಟೊಮೆಟೊದಲ್ಲಿ ನೂರಕ್ಕೆ ಸುಮಾರು 94 ಪಾಲು ನೀರು. ಅಣಬೆ, ಪಾಲಕ್ ಸೊಪ್ಪಿನಲ್ಲಿ 90ಕ್ಕೂ ಹೆಚ್ಚು. ಈರುಳ್ಳಿ, ದೊಣ್ಣೆಮೆಣಸಿನಕಾಯಿಗಳೂ ಹಿಂದೆ ಬಿದ್ದಿಲ್ಲ. ಇವನ್ನು ಹಸಿಯಾಗಿಯೇ ಮೊಟ್ಟೆಯೊಳಗೆ ಇಟ್ಟರೆ, ಉಪ್ಪು ಮತ್ತು ಬಿಸಿ ತಾಗಿದ ಕೂಡಲೇ ನೀರು ಬಿಡತೊಡಗುತ್ತವೆ. ಆ ನೀರು ಆವಿಯಾಗಿ ಹೋಗಲು ದಾರಿಯಿಲ್ಲ. ಮೇಲೆ ಕೆಳಗೆ ಮೊಟ್ಟೆಯ ಮುಚ್ಚಳ. ಹೊದಿಕೆ ನೆನೆದು ಮಡಿಕೆಯಲ್ಲಿ ಬಿರಿಯುತ್ತದೆ, ತಟ್ಟೆಗೆ ಹಾಕಿದ ಮರುಕ್ಷಣವೇ ಬೂದು ಬಣ್ಣದ ನೀರು ಸುತ್ತ ನಿಲ್ಲುತ್ತದೆ. ತರಕಾರಿಯನ್ನು ಬೇಯಿಸಲು ಒಲೆಯ ಮೇಲೆ ಇನ್ನಷ್ಟು ಹೊತ್ತು ಬಿಟ್ಟಿರೋ, ಮೊಟ್ಟೆ ರಬ್ಬರಾಗುತ್ತದೆ. ಎರಡೂ ಕಷ್ಟಕ್ಕೆ ಪರಿಹಾರ ಒಂದೇ: ಹೂರಣವನ್ನು ಪ್ರತ್ಯೇಕವಾಗಿ ಬೇಯಿಸಿ, ನೀರಾರಿಸಿ, ಬಿಸಿಯಾಗಿ ಪಕ್ಕದಲ್ಲಿಟ್ಟುಕೊಂಡ ಮೇಲೆಯೇ ಮೊಟ್ಟೆಗೆ ಕೈ ಹಾಕಬೇಕು.

ನೀರಾರಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಪ್ಯಾನಿನಲ್ಲಿರುವ ಪಲ್ಯವನ್ನು ಚಮಚೆಯಿಂದ ಒಂದು ಬದಿಗೆ ಒತ್ತಿ, ಪ್ಯಾನನ್ನು ವಾಲಿಸಿ ನೋಡಿ. ಇಳಿದು ಬರುವುದು ಬರೀ ಎಣ್ಣೆಯಾದರೆ ಸರಿ. ಎಣ್ಣೆಯೊಡನೆ ಮಬ್ಬು ನೀರೂ ಬಂದರೆ ಇನ್ನೆರಡು ನಿಮಿಷ ಬೇಕು. ಒಲೆಯ ಸದ್ದೂ ಹೇಳುತ್ತದೆ. ನೀರಿರುವವರೆಗೆ ಕೊತಕೊತ, ಆರಿದ ಮೇಲೆ ಚಟಪಟ.

ಅಣಬೆಯದು ಹಟಮಾರಿ ಸ್ವಭಾವ. ಪ್ಯಾನ್ ತುಂಬ ಒಟ್ಟಿದರೆ ತನ್ನದೇ ನೀರಿನಲ್ಲಿ ಬೇಯುತ್ತ ಕೂರುತ್ತದೆ. ಅಗಲ ಪ್ಯಾನಿನಲ್ಲಿ, ದೊಡ್ಡ ಉರಿಯಲ್ಲಿ, ಮೊದಲು ಉಪ್ಪಿಲ್ಲದೆ ಹುರಿದು ಅಂಚು ಕಂದಾದ ಮೇಲೆ ಉಪ್ಪು, ಕಾಳುಮೆಣಸು ಹಾಕಬೇಕು. ಆಗ 200 ಗ್ರಾಂ ಅಣಬೆ ಒಂದು ಮುಷ್ಟಿಗೆ ಇಳಿಯುತ್ತದೆ. ಪಾಲಕ್ ಅಥವಾ ದಂಟಿನ ಸೊಪ್ಪನ್ನು ಬಾಡಿಸಿ, ಆರಿದ ಮೇಲೆ ಅಂಗೈಯಲ್ಲಿ ಹಿಂಡಿ, ಆಮೇಲೆ ಬೆಳ್ಳುಳ್ಳಿ ಒಗ್ಗರಣೆಯಲ್ಲಿ ತಿರುವಬೇಕು. ಮೆಂತ್ಯ ಮತ್ತು ಸಬ್ಬಸಿಗೆ ಸೊಪ್ಪಿಗೆ ಇಷ್ಟು ಉಪಚಾರ ಬೇಡ. ಅವುಗಳ ನೀರು ಬೇಗ ಆರುತ್ತದೆ, ಘಮ ಉಳಿಯುತ್ತದೆ. ಟೊಮೆಟೊ ಬೇಕೇಬೇಕು ಎನ್ನುವವರು ಬೀಜದ ಲೋಳೆ ತೆಗೆದು ತಿರುಳನ್ನಷ್ಟೇ ಬಳಸಲಿ. ಆಲೂಗಡ್ಡೆಯಲ್ಲಿ ನೀರು ಕಡಿಮೆ, ಪಿಷ್ಟ ಹೆಚ್ಚು. ಹಿಂದಿನ ದಿನದ ಮಸಾಲೆದೋಸೆ ಪಲ್ಯ ಉಳಿದಿದ್ದರೆ ಬಿಸಿ ಮಾಡಿ ಹಾಗೇ ತುಂಬಬಹುದು.

ಮಾಂಸದ ಹೂರಣಗಳಲ್ಲಿ ಕೈಮಾಕ್ಕೆ ಮೊದಲ ಮಣೆ. ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಅಚ್ಚಖಾರದ ಪುಡಿ ಹಾಕಿ ಉದುರುದುರಾಗಿ ಹುರಿದ ಕೈಮಾ, ಕೊನೆಗೆ ನಾಲ್ಕು ಹನಿ ನಿಂಬೆರಸ: ಇದರ ಮುಂದೆ ಡೆನ್ವರಿನ ಹ್ಯಾಮ್ ಸಪ್ಪೆಯೇ. ಕರಾವಳಿಯ ಕೋಳಿ ಸುಕ್ಕ ಮಿಕ್ಕಿದ್ದರೆ ಮೂಳೆ ಬಿಡಿಸಿ, ಎಳೆಯಾಗಿ ಹರಿದು, ಕಾಯಿತುರಿ ಮಸಾಲೆಯೊಂದಿಗೇ ಬಳಸಬಹುದು. ಕೊಡಗಿನ ಪಂದಿ ಕರಿಯಂಥ ಗಟ್ಟಿ ಮಸಾಲೆಯದೂ ಒಗ್ಗುತ್ತದೆ. ಸಾರಿನಲ್ಲಿ ಮುಳುಗಿದ ತುಂಡುಗಳನ್ನು ಮಾತ್ರ ಪ್ಯಾನಿನಲ್ಲಿ ಬತ್ತಿಸಿಕೊಳ್ಳದೆ ಇಡಬಾರದು. ಮಾಂಸ ಯಾವುದೇ ಆಗಲಿ ಪೂರ್ತಿ ಬೆಂದಿರಬೇಕು. ಆಮ್ಲೆಟ್ಟಿನೊಳಗೆ ಅದು ಬಿಸಿಯಾಗುತ್ತದೆ, ಬೇಯುವುದಿಲ್ಲ. ಮಸಾಲೆ ಪುಡಿಗಳಿಗೂ ಇದೇ ಮಾತು. ಹಸಿ ಗರಂ ಮಸಾಲೆ ಉದುರಿಸಿ ಮಡಚಿದರೆ ಹಸಿವಾಸನೆ ಹೋಗುವುದಿಲ್ಲ.

ಚೀಸ್ ಮತ್ತು ಪನೀರ್ ಒಂದೇ ಕುಲದವು ಎಂದುಕೊಂಡು ಒಂದರ ಬದಲು ಇನ್ನೊಂದನ್ನು ಹಾಕುವವರು ನಿರಾಶರಾಗುತ್ತಾರೆ. ಪನೀರನ್ನು ನಿಂಬೆರಸದಂಥ ಹುಳಿಯಿಂದ ಒಡೆಯಿಸುತ್ತಾರೆ. ಹುಳಿಯಿಂದ ಹಾಲಿನ ಪ್ರೊಟೀನ್‌ಗಳ ನಡುವಿನ ಕ್ಯಾಲ್ಸಿಯಂ ಕರಗಿ ಹೋಗಿ, ಅವು ಬಿಸಿಯಾದಷ್ಟೂ ಇನ್ನಷ್ಟು ಒತ್ತಿಕೊಳ್ಳುತ್ತವೆ, ಕರಗಿ ಹರಿಯುವುದಿಲ್ಲ. ಚೆಡ್ಡಾರ್, ಮೊಝರೆಲ್ಲಾಗಳು ಕರಗಿ ಹೂರಣವನ್ನು ಒಂದಕ್ಕೊಂದು ಅಂಟಿಸುತ್ತವೆ. ನಮ್ಮಲ್ಲಿ ಹೆಚ್ಚು ಸಿಗುವ ಸಂಸ್ಕರಿಸಿದ ಚೀಸ್ ಹಾಳೆಗಳಲ್ಲಿ ನಯವಾಗಿ ಕರಗಲೆಂದೇ ಸಿಟ್ರೇಟ್ ಅಥವಾ ಫಾಸ್ಫೇಟ್ ಲವಣ ಸೇರಿಸಿರುತ್ತಾರೆ. ಆಮ್ಲೆಟ್ಟಿಗೆ ಅವು ಚೆನ್ನಾಗಿಯೇ ಹೊಂದುತ್ತವೆ, ಉಪ್ಪು ಮಾತ್ರ ಜಾಸ್ತಿ. ಚೀಸನ್ನು ಮೊದಲು ಮೊಟ್ಟೆಯ ಮೇಲೆ, ಅದರ ಮೇಲೆ ಬಿಸಿ ಪಲ್ಯ ಇಟ್ಟರೆ ಎರಡೂ ಕಡೆಯ ಕಾವಿನಿಂದ ಬೇಗ ಕರಗುತ್ತದೆ. ಪನೀರ್ ಹಾಕುವುದಾದರೆ ಪುಡಿಮಾಡಿ, ಈರುಳ್ಳಿಯೊಂದಿಗೆ ಬುರ್ಜಿಯ ಹಾಗೆ ಹುರಿದು ಹಾಕಬೇಕು.

ಪ್ರಮಾಣದಲ್ಲಿ ಆಸೆ ಕೂಡದು. ಮೂರು ಮೊಟ್ಟೆಗೆ 80ರಿಂದ 100 ಗ್ರಾಂ, ಅಂದರೆ ಅರ್ಧ ಬಟ್ಟಲಿನಷ್ಟು ಹೂರಣ. ತರಕಾರಿ ಕಡಲೆಬೇಳೆಗಿಂತ ದೊಡ್ಡದಿರಬಾರದು. ದಪ್ಪ ತುಂಡುಗಳ ಮೂಲೆ ಹೊದಿಕೆಯನ್ನು ಚುಚ್ಚಿ ಹರಿಯುತ್ತದೆ.

ಪ್ಯಾನ್, ಜಿಡ್ಡು, ಕೈಕೆಲಸ

ಮೂರು ಮೊಟ್ಟೆಗೆ ತಳ 20 ಸೆಂಟಿಮೀಟರ್ ಅಗಲದ, ಅಂಚು ಓರೆಯಾಗಿ ಏರಿದ ಪ್ಯಾನ್ ಸರಿಯಾದ ಅಳತೆ. ದೋಸೆ ಕಾವಲಿ ಚಪ್ಪಟೆ. ಮೊಟ್ಟೆ ಅಂಚಿಗೆ ಓಡಿ ತೆಳುವಾಗಿ, ಹೂರಣ ಹೊರುವ ದಪ್ಪ ಸಿಗುವುದಿಲ್ಲ. ಮೊಟ್ಟೆ ಬೇಯಿಸಿದ ಕಾವಲಿಯ ಮೇಲೆ ಮರುದಿನ ದೋಸೆ ಏಳುವುದಿಲ್ಲ ಎಂಬ ದೂರು ಬೇರೆ. ಹಲವು ಮನೆಗಳಲ್ಲಿ ಮೊಟ್ಟೆಗೆಂದೇ ಬೇರೆ ತವಾ ಇರುವುದಕ್ಕೆ ಮಡಿಯೊಂದೇ ಕಾರಣವಲ್ಲ. ಪಳಗಿದ ಕಬ್ಬಿಣದ ಪ್ಯಾನಿನಲ್ಲಿ ಒಳ್ಳೆಯ ಆಮ್ಲೆಟ್ ಬರುತ್ತದೆ, ಆದರೆ ಅದನ್ನು ಪಳಗಿಸಲು ತಾಳ್ಮೆ ಬೇಕು. ಮನೆಯ ಆಮ್ಲೆಟ್ಟನ್ನು ಎಲ್ಲರ ಕೈಗೂ ಎಟುಕಿಸಿದ್ದು ನಾನ್‌ಸ್ಟಿಕ್ ಪ್ಯಾನ್. ಅದರ ಲೇಪದ ಪದಾರ್ಥವನ್ನು 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡರು. ಅದನ್ನು ಅಡುಗೆ ಪಾತ್ರೆಯ ಅಲ್ಯೂಮಿನಿಯಮ್ಮಿಗೆ ಅಂಟಿಸುವ ಉಪಾಯವನ್ನು 1950ರ ದಶಕದಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಹುಡುಕಿದರು. ಸುಮಾರು 260 ಡಿಗ್ರಿ ದಾಟಿದರೆ ಈ ಲೇಪ ಕೆಡತೊಡಗುತ್ತದೆ. ಖಾಲಿ ನಾನ್‌ಸ್ಟಿಕ್ ಪ್ಯಾನನ್ನು ದೊಡ್ಡ ಉರಿಯಲ್ಲಿ ಬಿಟ್ಟು ಫೋನ್ ಎತ್ತಿಕೊಳ್ಳಲು ಹೋಗಬಾರದು.

ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲು ನೀರಿರುತ್ತದೆ, ಅದೇ ಅಡುಗೆಯವರಿಗೆ ಥರ್ಮಾಮೀಟರ್. ಮಧ್ಯಮ ಉರಿಯಲ್ಲಿ ಎರಡು ಚಮಚೆ ಬೆಣ್ಣೆ ಹಾಕಿದಾಗ ಅದು ಕರಗಿ, ನೊರೆಯೆದ್ದು, ಸಣ್ಣಗೆ ಸಿಡಿಯುತ್ತದೆ. ನೀರೆಲ್ಲ ಆವಿಯಾಗುತ್ತಲೇ ನೊರೆ ಇಳಿದು ಸದ್ದು ತಗ್ಗುತ್ತದೆ. ಇನ್ನೂ ಕಂದಾಗಿಲ್ಲ, ಕಾದ ಹಾಲಿನ ಕೆನೆಯ ಪರಿಮಳ ಬರುತ್ತಿದೆ ಎನ್ನುವ ಆ ಘಳಿಗೆಯಲ್ಲಿ ಮೊಟ್ಟೆ ಸುರಿಯಬೇಕು. ತುಪ್ಪದಲ್ಲಿ ನೀರಿಲ್ಲದ್ದರಿಂದ ಈ ಸೂಚನೆ ಸಿಗುವುದಿಲ್ಲ. ಮೊಟ್ಟೆಯ ಒಂದು ಹನಿ ಬಿಟ್ಟು ನೋಡಿ, ಚುರ್ ಎಂದು ತಕ್ಷಣ ಕಟ್ಟಿಕೊಂಡರೆ ಕಾವು ಸರಿ.

ಸುರಿದ ಕೂಡಲೇ ಅಂಚು ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಮೆತ್ತಗಿನ ಸ್ಪ್ಯಾಚುಲಾದಿಂದ ಒಂದು ಕಡೆಯ ಅಂಚನ್ನು ಒಳಕ್ಕೆ ಎಳೆದು, ಪ್ಯಾನನ್ನು ಆ ಕಡೆಗೆ ವಾಲಿಸಿ, ಖಾಲಿಯಾದ ಜಾಗಕ್ಕೆ ಹಸಿ ಮೊಟ್ಟೆ ಹರಿಯುವಂತೆ ಮಾಡಬೇಕು. ಹೀಗೆ ನಾಲ್ಕೂ ದಿಕ್ಕಿನಿಂದ ಎಳೆದರೆ ಅರ್ಧ ನಿಮಿಷದಲ್ಲಿ ಮೇಲೆ ಹರಿದಾಡುವ ದ್ರವ ಉಳಿಯುವುದಿಲ್ಲ. ಮೇಲ್ಮೈ ಮಿರಿಮಿರಿ ಮಿಂಚುತ್ತಿರುತ್ತದೆ, ಪ್ಯಾನ್ ಅಲ್ಲಾಡಿಸಿದರೆ ಹಾಳೆ ಇಡಿಯಾಗಿ ಜಾರುತ್ತದೆ. ಉರಿ ತಗ್ಗಿಸಿ, ಹಿಡಿಗೆ ಎದುರಾದ ಅರ್ಧದ ಮೇಲೆ ಚೀಸ್, ಬಿಸಿ ಹೂರಣ ಹರಡಿ, ಉಳಿದರ್ಧವನ್ನು ಅದರ ಮೇಲೆ ಮಡಚಬೇಕು. ಅಂಚಿನಿಂದ ಒಂದು ಬೆರಳಷ್ಟು ಜಾಗ ಬಿಟ್ಟಿದ್ದರೆ ಬಾಯಿ ತಾನಾಗಿಯೇ ಅಂಟಿಕೊಳ್ಳುತ್ತದೆ. ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟು, ಪ್ಯಾನನ್ನು ತಟ್ಟೆಯ ಮೇಲೆ ಬಗ್ಗಿಸಿ ಜಾರಿಸಿದರಾಯಿತು. ಮಡಚುವಾಗ ಹರಿದರೆ ಚಿಂತೆ ಬೇಡ. ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿ.

ಫ್ರೆಂಚರಿಗೆ ಹೊರಮೈ ಕಂದಾಗುವುದು ದೋಷ. ನಮ್ಮವರಿಗೆ ಕೆಂಪಗಾಗದ ಆಮ್ಲೆಟ್ ಹಸಿ ಎನಿಸುತ್ತದೆ. ಎರಡಕ್ಕೂ ಸಮರ್ಥನೆಯಿದೆ, ಕಂದು ಬಣ್ಣದ ಜೊತೆಗೆ ಹುರಿದ ರುಚಿಯೂ ಬರುತ್ತದಲ್ಲ! ಕೆಂಪಗೆ ಬೇಕೆನ್ನುವವರು ಮಡಚಿದ ಮೇಲೆ ತುಸು ಉರಿ ಏರಿಸಿ ತಳವನ್ನಷ್ಟೇ ಕೆಂಪಾಗಿಸಿಕೊಳ್ಳಲಿ. ಒಳಭಾಗ ಮೆತ್ತಗೇ ಉಳಿಯುತ್ತದೆ.

ಭಾರತದಲ್ಲಿ, ಕರ್ನಾಟಕದಲ್ಲಿ

ಭಾರತದಲ್ಲಿ ಆಮ್ಲೆಟ್ ಬ್ರಿಟಿಷರ ಬಂಗಲೆ, ಕ್ಲಬ್ಬು, ರೈಲುಗಳ ಮೂಲಕ ಹರಡಿತು. ಆದರೆ ಬೆಣ್ಣೆ-ಹ್ಯಾಮಿನ ಹಂಗು ಬಿಟ್ಟು ಬೇಗನೆ ಹಸಿಮೆಣಸಿನಕಾಯಿಯ ಕೈ ಹಿಡಿಯಿತು. ಪಾರ್ಸಿಗಳ ಪೋರಾ, ಮುಂಬೈಯ ಇರಾನಿ ಹೋಟೆಲುಗಳ ಮಸಾಲೆ ಆಮ್ಲೆಟ್ ಇದಕ್ಕೆ ಸಾಕ್ಷಿ. ಗೋವಾದ ರೋಸ್ ಆಮ್ಲೆಟ್ಟಿನಲ್ಲಿ ಹೂರಣ ಒಳಗಿಲ್ಲ; ಶಾಕುತಿ ಎಂಬ ಮಸಾಲೆ ಪದಾರ್ಥದ ಬಿಸಿ ಗೊಜ್ಜನ್ನು ಮೇಲೆಯೇ ಸುರಿದು ಪಾವಿನೊಂದಿಗೆ ಕೊಡುತ್ತಾರೆ. ನೀರಿನ ಸಮಸ್ಯೆಗೆ ಅದೂ ಒಂದು ಜಾಣ ಉತ್ತರ. ದೂರದ ರೈಲುಗಳಲ್ಲಿ ಬೆಳಗಿನ ತಿಂಡಿಗೆ ಬ್ರೆಡ್ ಆಮ್ಲೆಟ್ ಇಂದಿಗೂ ಉಳಿದಿದೆ. 1982ರಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯ ದೂರದರ್ಶನದ ಜಾಹೀರಾತುಗಳು ಮೊಟ್ಟೆಯನ್ನು ದಿನನಿತ್ಯದ ಆಹಾರವಾಗಿಸಲು ದೊಡ್ಡ ದನಿಯಲ್ಲೇ ಕೂಗಿದವು. ಈ ಸಮಿತಿ ದಿನದಿನದ ದರ ಸೂಚಿಸುವ ಕೇಂದ್ರಗಳಲ್ಲಿ ನಮ್ಮ ಹೊಸಪೇಟೆ, ಮೈಸೂರು, ಬೆಂಗಳೂರು ಸೇರಿವೆ.

ಕರ್ನಾಟಕದ ಮಿಲಿಟರಿ ಹೋಟೆಲುಗಳಲ್ಲಿ ಆಮ್ಲೆಟ್ ಮುದ್ದೆ ಊಟದ ಪಕ್ಕದ ಪದಾರ್ಥ. ಗಾಡಿಗಳಲ್ಲಿ ಸಿಂಗಲ್, ಡಬಲ್ ಎಂಬ ಲೆಕ್ಕ. ಮಡಚಿದ, ತುಂಬಿದ ಆಮ್ಲೆಟ್ ನಮ್ಮವರಲ್ಲಿ ಅನೇಕರಿಗೆ ಪರಿಚಯವಾದದ್ದು ದೊಡ್ಡ ಹೋಟೆಲುಗಳ ಬೆಳಗಿನ ಬಫೆಯಲ್ಲಿ. ಬಿಳಿ ಟೋಪಿಯ ಅಡುಗೆಯವನ ಮುಂದೆ ಈರುಳ್ಳಿ, ಅಣಬೆ, ದೊಣ್ಣೆಮೆಣಸಿನಕಾಯಿ, ಚೀಸ್‌ಗಳ ಚಿಕ್ಕ ಬಟ್ಟಲುಗಳಿರುತ್ತವೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸಬೇಕು. ಅಲ್ಲಿನ ತರಕಾರಿ ಹೆಚ್ಚಾಗಿ ಹಸಿಯೇ ಇರುತ್ತದೆ. ಸಾಲಿನಲ್ಲಿ ಹಿಂದೆ ಹತ್ತು ಜನ ನಿಂತಿರುವಾಗ ಅಡುಗೆಯವನಾದರೂ ಏನು ಮಾಡಿಯಾನು? ಅಮೆರಿಕದಲ್ಲಿ ಮಾಂಸ ತಿನ್ನದೆ ಮೊಟ್ಟೆಯನ್ನಷ್ಟೇ ಒಪ್ಪಿಕೊಂಡ ಕನ್ನಡಿಗರಿಗೆ ಡೈನರಿನ ಪಾಲಕ್-ಅಣಬೆ-ಚೀಸ್ ಆಮ್ಲೆಟ್ ಒಳ್ಳೆಯ ಆಸರೆ; ಹ್ಯಾಮ್, ಬೇಕನ್ ಬೇಡವೆಂದು ಮೊದಲೇ ಹೇಳುವುದನ್ನು ಮರೆಯಬಾರದಷ್ಟೆ. ಇನ್ನು ಉಡುಪಿ ಹೋಟೆಲುಗಳ ಟೊಮೆಟೊ ಆಮ್ಲೆಟ್ ಕಡಲೆಹಿಟ್ಟಿನದು. ಹೆಸರಷ್ಟೇ ಸಮಾನ, ಮೊಟ್ಟೆಯ ಸೋಂಕೂ ಇಲ್ಲ.

ಪೌಷ್ಟಿಕತೆ ಮತ್ತು ಎಚ್ಚರಿಕೆ

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್, 5 ಗ್ರಾಂ ಕೊಬ್ಬು, 70 ಕ್ಯಾಲೊರಿ. ಮೂರು ಮೊಟ್ಟೆ, 10 ಗ್ರಾಂ ಬೆಣ್ಣೆ, ಒಂದು ಚೀಸ್ ಹಾಳೆ, ತರಕಾರಿ ಸೇರಿದರೆ 400 ಕ್ಯಾಲೊರಿಯ ಹತ್ತಿರ. ಕೊಲೆಸ್ಟರಾಲ್ ಮೊಟ್ಟೆಗೆ 186 ಮಿಲಿಗ್ರಾಮಿನಷ್ಟಿದ್ದು, ಎಲ್ಲವೂ ಹಳದಿಯಲ್ಲೇ ಇದೆ. ದಿನಕ್ಕೆ 300 ಮಿಲಿಗ್ರಾಂ ದಾಟಬಾರದೆಂಬ ಅಂಕಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿ 2015ರ ಆವೃತ್ತಿಯಲ್ಲಿ ಕೈಬಿಟ್ಟಿತು. ಆದರೂ ಮಧುಮೇಹ, ಹೃದ್ರೋಗ ಇರುವವರು ವೈದ್ಯರ ಮಾತಿನಂತೆ ನಡೆಯುವುದೇ ಕ್ಷೇಮ. ಎರಡು ಮೊಟ್ಟೆಗೆ ಇನ್ನೊಂದರ ಬಿಳಿಯನ್ನಷ್ಟೇ ಸೇರಿಸಿದರೂ ಹೊದಿಕೆ ಗಟ್ಟಿಯಾಗಿಯೇ ಬರುತ್ತದೆ.

ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇದೆ. 71 ಡಿಗ್ರಿ ಮುಟ್ಟಿದರೆ ಭಯವಿಲ್ಲ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರಿಗೆ ಮಾಡುವಾಗ ಫ್ರೆಂಚರ ಮೆತ್ತಗಿನ ಹದ ಬೇಡ. ಹೂರಣ ಇಡುವ ಮೊದಲು ಸಣ್ಣ ಉರಿಯಲ್ಲಿ ಒಂದು ನಿಮಿಷ ಮುಚ್ಚಳ ಮುಚ್ಚಿದರೆ ಮೇಲ್ಮೈಯೂ ಬೇಯುತ್ತದೆ. ಮೊಟ್ಟೆಯನ್ನು ನೀರಿಗೆ ಹಾಕಿದಾಗ ತಳದಲ್ಲಿ ಅಡ್ಡ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಹಳತು, ತೇಲಿದರೆ ಬಿಸಾಡಬೇಕು. ಹಳತಾದಂತೆ ಒಳಗಿನ ತೇವ ಆರಿ ಗಾಳಿಗೂಡು ಹಿಗ್ಗುವುದೇ ತೇಲಲು ಕಾರಣ. ಒಂದೊಂದನ್ನೂ ಬೇರೆ ಬಟ್ಟಲಿನಲ್ಲಿ ಒಡೆದು ನೋಡಿ ಆಮೇಲೆ ಕೂಡಿಸುವ ಹಳೆಯ ಅಭ್ಯಾಸವನ್ನು ಬಿಡಬಾರದು.

ಹೂರಣವನ್ನು ಹಿಂದಿನ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಬೆಳಗಿನ ಮುಕ್ಕಾಲು ಕೆಲಸ ಮುಗಿದಂತೆ. ಬಳಸುವಾಗ ಮತ್ತೆ ಚೆನ್ನಾಗಿ ಬಿಸಿ ಮಾಡಿಕೊಳ್ಳಬೇಕು. ಆಮ್ಲೆಟ್ಟನ್ನು ಮಾತ್ರ ಮಾಡಿಟ್ಟುಕೊಳ್ಳಲು ಬರುವುದಿಲ್ಲ, ಆರಿದರೆ ಗಡುಸು, ಮತ್ತೆ ಬಿಸಿ ಮಾಡಿದರೆ ಇನ್ನೂ ಗಡುಸು. ನಾಲ್ವರಿಗೆಂದು ಹನ್ನೆರಡು ಮೊಟ್ಟೆಯನ್ನು ಒಂದೇ ಪ್ಯಾನಿಗೆ ಸುರಿಯುವ ಸಾಹಸ ಬೇಡ. ಒಬ್ಬೊಬ್ಬರಿಗೆ ಒಂದೊಂದಾಗಿ ಮಾಡಿ ಕೊಡಿ, ಬಂದವರು ಇನ್ನೊಬ್ಬರಿಗಾಗಿ ಕಾಯದೆ ಬಿಸಿಯಿರುವಾಗಲೇ ತಿನ್ನಲಿ.